ಸೊಂಟದ ಮೀನು

ನಮ್ಮ ಅತ್ತೆಯ ಮನೆಯಲ್ಲಿ, ಕೆರೆಯಿಂದ ಮೀನು ತಂದ ಗಂಡಸು ಅದನ್ನು ತಾನೇ ಬಿಚ್ಚುವಂತಿರಲಿಲ್ಲ. ಹಿಡಿದ ಮೀನಿನ ಕಿವಿರಿಗೆ ದಾರ ಪೋಣಿಸಿ, ದಾರದ ಇನ್ನೊಂದು ತುದಿಯನ್ನು ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡು, ಮೀನನ್ನು ನೀರಿನಲ್ಲೇ ಹಿಂದೆ ತೇಲಿಬಿಟ್ಟುಕೊಂಡು ಅವರು ಮುಂದೆ ಮುಂದೆ ಹೋಗುತ್ತಿದ್ದರು. ಹಾಗೆ ಮಾಡಿದರೆ ಮೀನು ಮನೆ ಮುಟ್ಟುವ ತನಕ ಜೀವ ಹಿಡಿದುಕೊಂಡಿರುತ್ತದೆ. ಮುಂದೆ ಕಟ್ಟಿ ಹಿಂದಕ್ಕೆ ಸರಿಸಿಕೊಂಡ ಗಂಟು ಬೀಳುತ್ತಿದ್ದದ್ದು ಬೆನ್ನ ಕಡೆ, ಬಲಕ್ಕೆ. ಹಿತ್ತಿಲ ಬಾಗಿಲಿಗೆ ಬಂದು ಒದ್ದೆ ಪಂಚೆಯಲ್ಲಿ ಬೆನ್ನು ತಿರುಗಿಸಿ ನಿಲ್ಲುವುದು ಗಂಡನ ಕೆಲಸ, ಗಂಟು ಬಿಚ್ಚುವುದು ಹೆಂಡತಿಯ ಕೆಲಸ. ಅವನೇ ಬಿಚ್ಚಿಕೊಂಡರೆ ನೀರು ಮತ್ತೆ ಮೀನು ಕೊಡುವುದಿಲ್ಲ ಎಂದು ಅತ್ತೆ ನಂಬಿದ್ದರು. ಅವರ ಅತ್ತೆಯೂ ನಂಬಿದ್ದರಂತೆ.

ನಾನು ಶಿಡ್ಲಘಟ್ಟದವಳು. ನಮ್ಮ ತಂದೆ ರೇಷ್ಮೆ ಗೂಡು ತಂದು ಮನೆಯಲ್ಲೇ ನೂಲು ತೆಗೆಸುತ್ತಿದ್ದರು. ಮಿಡ್ಲ್ ಸ್ಕೂಲು ಮುಗಿಸಿದ ಮೇಲೆ ನಾನೂ ಬಾಣಲೆಯ ಮುಂದೆ ಕೂತೆ. ಕುದಿಯುವ ನೀರಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಹಬೆಯಲ್ಲಿ ಕಣ್ಣು ಕಾಣುವುದಿಲ್ಲ. ಬೆರಳ ತುದಿಯಿಂದಲೇ ಒಂದೊಂದು ಗೂಡಿನ ಎಳೆ ಹುಡುಕಿ ಹಿಡಿಯಬೇಕು. ನನಗೆ ಗೊತ್ತಿದ್ದ ನೀರೆಂದರೆ ಅಷ್ಟೇ, ಬಾಣಲೆಯದು ಮತ್ತು ಕೊಡದ್ದು. ಕೆರೆಯ ನೀರಿಗೆ ಕಾಲಿಟ್ಟವಳಲ್ಲ. ಮದುವೆಯಾಗಿ ಮೇಲೂರಿಗೆ ಬಂದ ಹೊಸತರಲ್ಲಿ ನನ್ನ ಗಂಡ ಮೊದಲ ಸಲ ನನ್ನ ಮುಂದೆ ಬೆನ್ನು ತಿರುಗಿಸಿ ನಿಂತಾಗ ಗಂಟಿನ ತುದಿ ಎಲ್ಲಿದೆಯೆಂದೇ ತಿಳಿಯಲಿಲ್ಲ. ಒದ್ದೆ ಗಂಟು ಕಲ್ಲಾಗಿತ್ತು. ಕೊರವ ಮೀನು ನನ್ನ ಕಾಲಿನ ಮೇಲೆ ಬಾಲ ಬಡಿಯುತ್ತಿತ್ತು.

ಅತ್ತೆ ಒರಳಿನ ಹತ್ತಿರದಿಂದಲೇ ಕೂಗಿದರು. "ನೂಲಿನ ಮನೆಯೋಳು ಅಂತ ತಂದ್ಕೊಂಡ್ವಿ. ಒಂದು ಗಂಟು ಬಿಚ್ಚೋಕೆ ಇಷ್ಟು ಹೊತ್ತೇನಮ್ಮಾ? ಅಷ್ಟೊತ್ತಿಗೆ ಆ ಮೀನಿಗೆ ಮೊಮ್ಮಕ್ಳಾಗ್ತವೆ!"

ಗಂಡನ ಬೆನ್ನು ನಗುವಿನಿಂದ ಅಲುಗಿತು. ಗಂಟು ಇನ್ನೂ ಬಿಗಿಯಾಯಿತು. "ಎಳೀಬೇಡ ಕಣೇ, ಸಡಿಲ ಬಿಟ್ಟು ನೋಡು" ಎಂದು ಮೆಲ್ಲಗೆ ಹೇಳಿಕೊಟ್ಟರು. ಅವರು ನನಗೆ ಕಲಿಸಿದ ಮೊದಲ ಪಾಠ ಅದು.

ಅವರು ಕಚೇರಿಯಲ್ಲಿ ಗುಮಾಸ್ತರು, ಮೈಯೆಲ್ಲಾ ಕೆರೆ. ಎಲ್ಲರೂ ಎರೆಹುಳು ಸಿಕ್ಕಿಸಿ ದಡದಲ್ಲಿ ಕೂತರೆ ಇವರು ತೊಡೆಮಟ್ಟದ ನೀರಿಗೆ ಇಳಿದು ಗಾಳಕ್ಕೆ ಕಟ್ಟಿದ ಗರಿ ಬೀಸುತ್ತಿದ್ದರು. ಹಿಂದೆ ಯಾವಾಗಲೋ ನಂದಿಯ ತಪ್ಪಲಿನ ಕೆರೆಯಲ್ಲಿ ಒಬ್ಬ ಬಿಳಿಯ ದೊರೆ ಹಾಗೆ ಬೀಸುವುದನ್ನು ನೋಡಿ ಬಂದು, ಬಿದಿರಿನ ಸಣ್ಣ ಗಳ ಸೀಳಿ ಹದ ಮಾಡಿ, ತಮ್ಮದೇ ಒಂದು ಕೋಲು ಮಾಡಿಕೊಂಡಿದ್ದರು. ವಿದುರಾಶ್ವತ್ಥದಲ್ಲಿ ಅವರ ಸೋದರಮಾವ ಹುಂಜ ಸಾಕಿದ್ದರು. ಆ ಹುಂಜದ ಕತ್ತಿನ ಗರಿಯನ್ನು ಗಾಳದ ಕೊಕ್ಕೆಗೆ ಸುತ್ತಿ ಕಟ್ಟಿದರೆ ನೀರಿನಲ್ಲಿ ಅದು ಮರಿಮೀನಿನ ಹಾಗೆ ಉಸಿರಾಡುತ್ತಿತ್ತು. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಾರ ಗಾಳಿಯಲ್ಲಿ ಉದ್ದಕ್ಕೆ ಬಿಚ್ಚಿಕೊಂಡು ಹೋಗಿ ನೀರಿನ ಮೇಲೆ ಸದ್ದಿಲ್ಲದೆ ಮಲಗುವುದು. ಊರವರು ನಗುತ್ತಿದ್ದರು. "ಏನಪ್ಪಾ, ಕೆರೆಗೆ ಚಾಮರ ಬೀಸ್ತಿದೀಯಾ?" ಎನ್ನುತ್ತಿದ್ದರು. ಹತ್ತಿ ದಾರ ನೀರು ಕುಡಿದು ಭಾರವಾಗುತ್ತದೆಂದು ಅವರು ಗೊಣಗುತ್ತಿದ್ದರು. ನಾನು ತವರಿನಿಂದ ರೇಷ್ಮೆ ನೂಲು ತಂದು ಹುರಿ ಮಾಡಿಕೊಟ್ಟೆ. ಜೇನುಮೇಣ, ಹರಳೆಣ್ಣೆ ಸವರಿದ ಮೇಲೆ ಅದು ನೀರಿನ ಮೇಲೆ ತೇಲತೊಡಗಿತು. ಆ ಖುಷಿಗೆ ಮೀನು ಪೋಣಿಸುವ ದಾರವನ್ನೂ, ಕೊನೆಗೆ ಉಡಿದಾರವನ್ನೂ ರೇಷ್ಮೆಯಲ್ಲೇ ಮಾಡಿಸಿಕೊಂಡರು.

"ಇದು ಎತ್ತು ಕಟ್ಟಿದ್ರೂ ಹರಿಯಲ್ಲ ಕಣೇ" ಎಂದು ಎರಡು ಕೈಯಲ್ಲಿ ಜಗ್ಗಿ ತೋರಿಸಿದರು. ನನಗೆ ಹೆಮ್ಮೆಯಾಗಿತ್ತು.

ಆದರೆ ಅವರು ನೀರಿನಲ್ಲಿದ್ದಷ್ಟು ಹೊತ್ತೂ ನನಗೆ ಸಮಾಧಾನವಿರುತ್ತಿರಲಿಲ್ಲ. ಕೆರೆಯಲ್ಲಿ ಹೂಳಿತ್ತು, ಜೊಂಡಿತ್ತು, ತೂಬಿನ ಹತ್ತಿರ ಆಳವಿತ್ತು. ಒಲೆಯ ಮೇಲೆ ಎಸರಿಟ್ಟು ಹಿತ್ತಿಲಿಗೆ ಹೋಗಿ ಏರಿಯ ಕಡೆ ನೋಡುವುದು, ಮತ್ತೆ ಬಂದು ಕೂರುವುದು. ಅತ್ತೆಗೆ ಇದು ತಮಾಷೆ. "ಅವ್ನು ಹುಟ್ಟಿದ್ದೇ ಆ ಕೆರೆ ನೀರು ಕುಡ್ದು. ಊರ್ಕೋ, ಏಮೀ ಕಾದು" ಎಂದು ತೆಲುಗು ಬೆರೆಸಿ, ಏನೂ ಆಗುವುದಿಲ್ಲವೆಂದು ಸುಮ್ಮನಾಗಿಸುತ್ತಿದ್ದರು. ಆ ಮಾತು ಒಂದು ಗಳಿಗೆಯ ಮಟ್ಟಿಗೆ ಸಾಕಾಗುತ್ತಿತ್ತು.

ರಾಜ್ಯ ಒಂದಾಗಿ ಒಂದೆರಡು ವರ್ಷವಾಗಿತ್ತು. ಹಳೇ ಮೈಸೂರಿನ ಕಡೆಯ ಗುಮಾಸ್ತರನ್ನು ಕರಾವಳಿಗೆ ವರ್ಗ ಮಾಡತೊಡಗಿದರು. ಇವರಿಗೂ ಬಂತು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿ, ರೈಲು ಹಿಡಿದು, ಮತ್ತೆ ಬಸ್ಸು, ಕೊನೆಗೆ ಹೊಳೆ ದಾಟಲು ದೋಣಿ. ರಾಗಿ ಹಿಟ್ಟಿನ ಮೂಟೆ ನನ್ನ ತೊಡೆಯ ಮೇಲೆ, ಗಾಳದ ಕೋಲು ಅವರ ಹೆಗಲ ಮೇಲೆ. ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು ನನ್ನ ಸೆರಗು ಹಿಡಿದು ಹೇಳಿದ್ದು ಒಂದೇ ಮಾತು. "ಅಲ್ಲಿ ಬಿಚ್ಚೋಕೆ ನೀನೊಬ್ಳೇ ಇರೋದು. ಅವ್ನ ಕೈಲಿ ಬಿಚ್ಚಿಸ್ಬೇಡ."

ನಮಗೆ ಮನೆ ಸಿಕ್ಕಿದ್ದು ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ. ಇಳಿತವಾದಾಗ ನೀರು ಹಿಂದೆ ಸರಿದು ಮರಳಿನ ದಿಬ್ಬಗಳು ಏಳುತ್ತಿದ್ದವು. ಅವುಗಳ ನಡುವೆ ಮೊಣಕಾಲು ಮಟ್ಟ, ತೊಡೆ ಮಟ್ಟ ಉಪ್ಪುನೀರು. ತಳದ ಮರಳು ಕಾಣುವಷ್ಟು ತಿಳಿ. ಅವರು ಮೊದಲ ದಿನ ಅದನ್ನು ನೋಡಿ ಕೈ ಮುಗಿದರು. ನಿಜವಾಗಿಯೂ ಮುಗಿದರು. "ಕೆರೆಯಲ್ಲಿ ಮೀನು ಎಲ್ಲಿದೆ ಅಂತ ಊಹಿಸ್ಬೇಕಿತ್ತು. ಇಲ್ಲಿ ಕಾಣುತ್ತೆ ಕಣೇ, ಬರೋದು ಕಾಣುತ್ತೆ!" ಎಂದರು. ನಾನು ಕಂಡದ್ದು ಬೇರೆ. ಕೆರೆಗೆ ನಾಲ್ಕು ಕಡೆ ದಡವಿರುತ್ತದೆ. ಇಲ್ಲಿ ಒಂದೇ ಕಡೆ.

ಪಕ್ಕದಲ್ಲೇ ಮನೆಯ ಒಡತಿ ಇದ್ದರು. ವಯಸ್ಸಾದ ಹೆಂಗಸು, ಗಂಡ ಇಲ್ಲ, ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ. ಇವರು ಕೋಲು ಹಿಡಿದು ಹೊರಡುವುದನ್ನು ನೋಡಿ ಒಂದು ದಿನ ನನ್ನನ್ನು ಬೇಲಿಯ ಹತ್ತಿರ ಕರೆದರು.

"ತಂಗೀ, ನಿನ್ನ ಗಂಡ ಎಂತಕ್ಕೆ ಕೊಕ್ಕರೆ ನಮ್ನಿ ಕಾಲು ಎತ್ತಿ ಎತ್ತಿ ಇಡ್ತಾನೆ?"

ಹೂಳಿನ ಕೆರೆಯಲ್ಲಿ ನಡೆಯುವುದೇ ಹಾಗೆ ಎಂದೆ.

"ಇಲ್ಲಿ ಹಂಗೆ ಮಾಡೂದಲ್ಲ. ಮರಳಲ್ಲಿ ತೊರಕೆ ಮೀನು ಮಲಗಿರ್ತದೆ, ಬಾಲದಲ್ಲಿ ಮುಳ್ಳು. ಮೆಟ್ಟಿದ್ರೆ ಚುಚ್ತದೆ. ಕಾಲು ಎಳ್ಕಂಡು ಎಳ್ಕಂಡು ಹೋಗೂಕೆ ಹೇಳು, ಅದೇ ಎದ್ದು ಹೋಗ್ತದೆ. ಮತ್ತೆ ಭರತಿ ಶುರು ಆದ ಮೇಲೆ ನಿಲ್ಲೂದು ಬ್ಯಾಡ. ಏರೂ ನೀರಿನ ಸಂಗ್ತೀಗೆ ಮೋರಿ ಬತ್ತದೆ."

ಮೋರಿ ಎಂದರೆ ಶಾರ್ಕು. ಅವರು ಎರಡು ಕೈ ಚಾಚಿ ಅದರ ಉದ್ದ ತೋರಿಸಿದರು. ಕೈ ಸಾಲದೆ ಬೇಲಿಯ ಗೂಟದ ಕಡೆ ಕಣ್ಣು ಹಾಯಿಸಿದರು. ಅಂದು ಅನ್ನ ಬಡಿಸುವಾಗ ಇವರಿಗೆ ಹೇಳಿದೆ.

"ನಮ್ಮೂರಲ್ಲಿ ಮೋರಿ ಅಂದ್ರೆ ಮನೆ ಮುಂದಿನ ಕೊಚ್ಚೆ. ಅದಕ್ಕೆ ಹೆದ್ರಿ ಒಳಗೆ ಕೂತ್ಕೊಳ್ಳಾ?" ಎಂದು ನಕ್ಕರು. ಆದರೆ ಮಾರನೆಯ ಭಾನುವಾರ ಕಾಲು ಎಳೆದುಕೊಂಡು ನಡೆಯುವುದನ್ನು ದಡದಿಂದ ನೋಡಿದೆ. ನನ್ನ ಮಾತು ಅಷ್ಟಾದರೂ ಕಿವಿಗೆ ಬಿದ್ದಿತ್ತು.

ಮನೆಯಲ್ಲಿ ಕೂತು ಕಾಯಲು ಆಗದೆ ನಾನೂ ಅವರ ಜೊತೆ ಹೋಗಲು ಶುರು ಮಾಡಿದ್ದೆ. ಗಾಳಿಮರದ ಕೆಳಗೆ ಕೂತು ಅವರ ಬಿಳಿ ಬನಿಯನ್ನಿನ ಮೇಲೆ ಕಣ್ಣು ನೆಟ್ಟಿರುತ್ತಿದ್ದೆ. ಸ್ವೆಟರ್ ಹೆಣೆಯಲೆಂದು ಕಡ್ಡಿ ಒಯ್ದಿರುತ್ತಿದ್ದೆ, ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ. ಕಣ್ಣು ತೆಗೆದರೆ ಏನೋ ಆಗಿಬಿಡುತ್ತದೆ ಎಂಬ ಭಾವನೆ. ನಾನು ನೋಡುತ್ತಿರುವುದರಿಂದಲೇ ಅವರು ನಿಂತಿದ್ದಾರೆ ಎಂಬ ಹಾಗೆ.

ಮಳೆಗಾಲ ಕಳೆದು ನೀರು ಮತ್ತೆ ತಿಳಿಯಾದ ಮೇಲೆ ಒಂದು ದಿನ ಅವರು ದಡಕ್ಕೆ ಬಂದು ಬೆನ್ನು ತಿರುಗಿಸಿದರು. ದಾರದಲ್ಲಿ ಅಂಗೈ ಅಗಲದ ಬೆಳ್ಳಿ ಮೀನುಗಳಿದ್ದವು. ತುದಿಯಲ್ಲಿದ್ದ ಎರಡಕ್ಕೆ ತಲೆ ಮಾತ್ರ ಇತ್ತು. ಕಿವಿರಿನಿಂದ ಹಿಂದೆ ಏನೂ ಇರಲಿಲ್ಲ.

"ಏಡಿ ತಿಂದಿರ್ಬೇಕು" ಎಂದರು.

ಏಡಿ ತಿಂದರೆ ಹರಿದು ತಿನ್ನುತ್ತದೆ. ಇದು ಕುಡುಗೋಲಿನಲ್ಲಿ ರಾಗಿ ತೆನೆ ಕೊಯ್ದ ಹಾಗಿತ್ತು, ಒಂದೇ ಬಾಗಿದ ಏಟು. ಗಂಟು ಬಿಚ್ಚಿದೆ. ಮನೆಗೆ ಬಂದು ಆ ತಲೆಗಳನ್ನು ಎಲೆಯಲ್ಲಿ ಮುಚ್ಚಿ ಒಡತಿಗೆ ತೋರಿಸಿದೆ. ಅವರು ಎಲೆ ಅಡಿಕೆ ಉಗಿದು ಬಂದು ನೋಡಿದರು. "ಸಣ್ಣ ಮೋರಿ" ಎಂದರು. ತಲೆಗಳನ್ನು ಮತ್ತೆ ಎಲೆಯಲ್ಲಿ ಮುಚ್ಚುತ್ತಾ, "ಸಣ್ಣದು ಬಂದ್ರೆ ದೊಡ್ಡದೂ ಬತ್ತದೆ" ಎಂದರು.

ಅಂದಿನಿಂದ ನನ್ನ ಹೆದರಿಕೆಗೆ ಒಂದು ರೂಪ ಬಂತು. ಅಲ್ಲಿಯವರೆಗೆ ನೀರಿಗೆ ಹೆದರುತ್ತಿದ್ದೆ. ಈಗ ಆ ದಾರಕ್ಕೆ ಹೆದರತೊಡಗಿದೆ. ಕೆರೆಯಲ್ಲಿ ಸೊಂಟದ ಮೀನನ್ನು ತಿನ್ನಲು ಬರುವ ಪ್ರಾಣಿ ಯಾವುದೂ ಇರಲಿಲ್ಲ. ಬಂದರೆ ಒಂದು ಆಮೆ, ಒಂದು ಒಳ್ಳೆ ಹಾವು. ಇಲ್ಲಿ ಇವರು ರಕ್ತ ಸೋರುವ ಮೀನನ್ನು ಬೆನ್ನಿಗೆ ಕಟ್ಟಿಕೊಂಡು ಅವುಗಳ ಮನೆಯಲ್ಲಿ ಓಡಾಡುತ್ತಿದ್ದರು. ಕಟ್ಟಿದ್ದು ಎತ್ತನ್ನು ಕಟ್ಟಿದರೂ ಹರಿಯದ ದಾರ. ಗಂಟು ಅವರ ಕೈಗೆ ಸಿಗದ ಕಡೆ.

"ರೀ, ದಡದಲ್ಲಿ ನಾನಿರ್ತೀನಲ್ಲ. ಹಿಡಿದಿದ್ದನ್ನ ನನ್ನ ಕಡೆ ಎಸೀರಿ, ಬುಟ್ಟೀಲಿ ಹಾಕ್ಕೊಳ್ತೀನಿ."

"ಅಷ್ಟು ದೂರ ಎಸೆಯೋಕೆ ಅದೇನು ಚೆಂಡಾ?"

"ಹಾಗಾದ್ರೆ ಪ್ರತಿ ಸಲ ತಂದುಕೊಡಿ."

"ಒಂದೊಂದು ಮೀನಿಗೂ ದಡಕ್ಕೆ ಬರ್ತಾ ಕೂತ್ರೆ ಇಳಿತವೇ ಮುಗಿದುಹೋಗುತ್ತೆ."

"ಜಾರುಗಂಟಾದ್ರೂ ಹಾಕ್ಕೊಳ್ಳಿ. ಎಳೆದ್ರೆ ಬಿಚ್ಕೊಂಡು ಹೋಗೋ ಹಾಗೆ."

ಅವರು ತಟ್ಟೆಯಿಂದ ತಲೆ ಎತ್ತಿದರು. "ಜಾರುಗಂಟು ಹಾಕಿದ್ರೆ ನಾನೇ ಬಿಚ್ಕೊಂಡ ಹಾಗಲ್ವೇನೇ? ಅಮ್ಮಂಗೆ ಗೊತ್ತಾದ್ರೆ ಅಷ್ಟೇ."

"ಅತ್ತೆ ಮೇಲೂರಲ್ಲಿದಾರೆ."

"ಅಮ್ಮಂಗೆ ಗೊತ್ತಾಗದೇ ಇರೋದು ಏನಿದೆ ಹೇಳು."

ತಮಾಷೆಗೆ ಹೇಳಿದ್ದು, ಆದರೆ ಪೂರ್ತಿ ತಮಾಷೆಯಲ್ಲ. ಆ ವರ್ಷ ಅತ್ತೆಗೆ ಆರೋಗ್ಯವಿರಲಿಲ್ಲ. ಅಷ್ಟು ದೂರದಲ್ಲಿದ್ದುಕೊಂಡು ಅವರ ಒಂದು ಮಾತನ್ನು ಮುರಿಯಲು ಇವರಿಗೆ ಮನಸ್ಸಿರಲಿಲ್ಲ. ನನಗೂ ಪೂರ್ತಿ ಮನಸ್ಸಿತ್ತೆಂದು ಹೇಳಲಾರೆ. ಮುರಿದರೆ ನೀರು ಮೀನು ಕೊಡುವುದಿಲ್ಲ ಎನ್ನುವುದನ್ನು ನಾನು ನಂಬಿರಲಿಲ್ಲ. ಆದರೆ ಮುರಿದ ಮೇಲೆ ಏನಾದರೂ ಆದರೆ? ಹೆದರುವವಳಿಗೆ ಎರಡು ಕಡೆಯೂ ಹೆದರಿಕೆಯೇ. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ದಾರವನ್ನು ಇನ್ನಷ್ಟು ಉದ್ದ ಮಾಡಿದರೆ ಮೀನು ಹಿಂದೆ ದೂರದಲ್ಲಿ ತೇಲುತ್ತದೆ, ಬಂದದ್ದು ಅದನ್ನು ತಿಂದುಕೊಂಡು ಹೋಗುತ್ತದೆ, ತಮ್ಮ ಹತ್ತಿರ ಬರುವುದಿಲ್ಲ ಎಂದರು. ನಾನು ಉದ್ದನೆಯ ದಾರ ಹುರಿ ಮಾಡಿಕೊಟ್ಟೆ. ಹುರಿ ಮಾಡುವಾಗ ಎಳೆ ಕಡಿಮೆ ಹಾಕೋಣವೇ ಎಂದು ಮನಸ್ಸಿಗೆ ಬಂತು. ಆದರೆ ಕೈಗೆ ಅಭ್ಯಾಸವಾದದ್ದು ಒಂದೇ ಲೆಕ್ಕ. ಅದೇ ಲೆಕ್ಕಕ್ಕೆ ಹುರಿ ಬಿಗಿಯಿತು.

ಅದಾಗಿ ಕೆಲವು ಭಾನುವಾರ ಏನೂ ಆಗಲಿಲ್ಲ. ಏನೂ ಆಗದ ದಿನಗಳೇ ನನಗೆ ಹೆಚ್ಚು ಕಷ್ಟ. ಅವರ ಧೈರ್ಯ ಬೆಳೆಯುತ್ತಿತ್ತು. ಪ್ರತಿ ಸಲ ಒಂದು ದಿಬ್ಬ ದಾಟಿ ಮುಂದಿನದಕ್ಕೆ ಹೋಗುತ್ತಿದ್ದರು, ಬಿಳಿ ಬನಿಯನ್ನು ಚಿಕ್ಕದಾಗುತ್ತಿತ್ತು.

ಆ ದಿನ ಮೋಡವಿತ್ತು. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು. ಅವರು ಎರಡನೆಯ ದಿಬ್ಬದ ಆಚೆ, ತೊಡೆ ಮಟ್ಟದ ನೀರಿನಲ್ಲಿ ಹೊಳೆಯ ಮಡುವಿಗೆ ಬೆನ್ನು ಹಾಕಿ, ನನಗೆ ಓರೆಯಾಗಿ ನಿಂತಿದ್ದರು. ಅವತ್ತು ಚೆನ್ನಾಗಿ ಬೀಳುತ್ತಿತ್ತು. ಅದು ಅವರ ಹೆಗಲು ನೋಡಿದರೇ ತಿಳಿಯುತ್ತಿತ್ತು. ಬೀಸುವುದು, ಎಳೆಯುವುದು, ಬಾಗಿ ಪೋಣಿಸುವುದು. ನನ್ನ ಕಾಲ ಹತ್ತಿರ ಒಣಗಿದ್ದ ಮರಳಿನ ಮೇಲೆ ನೀರಿನ ಒಂದು ನಾಲಿಗೆ ಬಂದು ಹೋಯಿತು. ಇನ್ನೊಂದು ಬಂತು, ಹೋಗಲಿಲ್ಲ. ಭರತಿ ಶುರುವಾಗಿತ್ತು.

ಎದ್ದು ನಿಂತು ಕೂಗಿದೆ. ಗಾಳಿ ನನ್ನ ಮಾತನ್ನು ನನಗೇ ತಂದುಕೊಟ್ಟಿತು. ಸೆರಗು ಬೀಸಿದೆ. ಅವರು ತಿರುಗಲಿಲ್ಲ. ಕೋಲು ಬಾಗಿತ್ತು, ದೊಡ್ಡದೊಂದು ಬಿದ್ದಿತ್ತು. ಆಗ ಅವರ ಹಿಂದೆ, ತೇಲುತ್ತಿದ್ದ ಮೀನುಗಳಿಗೂ ಆಚೆ, ತಳದ ಬಿಳಿ ಮರಳಿನ ಮೇಲೆ ಒಂದು ನೆರಳು ಕಂಡಿತು. ಮೋಡದ ನೆರಳೆಂದುಕೊಳ್ಳಲು ನೋಡಿದೆ. ಮೋಡದ ನೆರಳು ಗಾಳಿ ಬಂದ ಕಡೆಗೆ ಎದುರಾಗಿ ಹೋಗುವುದಿಲ್ಲ. ಅದು ನಿಧಾನವಾಗಿ ಒಂದು ಸುತ್ತು ಬಂತು. ಅವಸರವಿಲ್ಲದೆ, ಅಂಗಡಿಗೆ ಬಂದವರು ಸಾಮಾನು ನೋಡುವ ಹಾಗೆ. ಇನ್ನೊಂದು ಸುತ್ತು ಬಂದಾಗ ಹತ್ತಿರವಾಗಿತ್ತು.

ನಾನು ಯಾವಾಗ ನೀರಿಗೆ ಇಳಿದೆನೋ ಗೊತ್ತಿಲ್ಲ. ಸೀರೆ ಮೊಣಕಾಲಿಗೆ ಸುತ್ತಿಕೊಂಡಾಗ ಗೊತ್ತಾಯಿತು. ಕಾಲು ಎತ್ತಬಾರದು, ಎಳೆಯಬೇಕು ಎಂಬ ಒಂದೇ ಮಾತು ತಲೆಯಲ್ಲಿತ್ತು. ಎಳೆದುಕೊಂಡು ಹೋದೆ. ಮೊದಲ ದಿಬ್ಬ ಹತ್ತಿ ಇಳಿದಾಗ ನೀರು ಸೊಂಟಕ್ಕೆ ಬಂತು, ಮತ್ತೆ ಇಳಿಯಿತು. "ರೀ! ರೀ!" ಎಂದು ಕೂಗುತ್ತಲೇ ಇದ್ದೆ.

ಅವರು ತಿರುಗಿ ನನ್ನನ್ನು ಕಂಡು ಬೆಚ್ಚಿದರು. "ಏ! ಎಲ್ಲಿಗೆ ಬರ್ತಿದೀಯಾ? ಹೋಗು ಆಚೆ! ಹೋಗೇ!"

"ಹಿಂದೆ! ನಿಮ್ಮ ಹಿಂದೆ!"

ಅವರು ಹಿಂದೆ ನೋಡಲು ಹೊರಳುವಷ್ಟರಲ್ಲಿ ಅದು ದಾರವನ್ನು ಹಿಡಿಯಿತು. ಯಾರೋ ಹಿಂದಿನಿಂದ ಸೊಂಟ ಹಿಡಿದು ಜಗ್ಗಿದ ಹಾಗೆ ಅವರು ನಡು ಮಡಚಿಕೊಂಡು ಕುಸಿದರು. ತಲೆ ನೀರೊಳಗೆ ಹೋಯಿತು. ಬನಿಯನ್ನೂ ಕಾಣಲಿಲ್ಲ. ಆ ಗಳಿಗೆಯ ಉದ್ದವನ್ನು ನಾನು ಇಂದಿಗೂ ಅಳೆಯಲಾರೆ. ಮತ್ತೆ ಎದ್ದರು. ಕೆಮ್ಮುತ್ತಾ ಕೋಲನ್ನು ಮರಳಿಗೆ ಊರಿ ನಿಂತರು. ದಾರ ಅವರ ಬೆನ್ನಿನಿಂದ ನೆಟ್ಟಗೆ ಆಳದ ಕಡೆಗೆ ಬಿಗಿದಿತ್ತು. ಹರಿಯಲಿಲ್ಲ. ನನ್ನ ಹುರಿ ಹರಿಯಲಿಲ್ಲ. ಅವರು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತಿದ್ದರು. ಆಚೆ ಹೊಳೆಯ ಮಡು ಕಪ್ಪಗಿತ್ತು.

ನಾನು ಹೋಗಿ ಅವರ ತೋಳು ಹಿಡಿದೆ. ಅವರು ಬಯ್ಯುವುದನ್ನು ಬಿಟ್ಟರು. ಬೆನ್ನು ತಿರುಗಿಸಿದರು, ಹಿತ್ತಿಲ ಬಾಗಿಲಲ್ಲಿ ತಿರುಗಿಸುವ ಹಾಗೆ.

"ಬಿಚ್ಚೇ. ಬೇಗ ಬಿಚ್ಚೇ."

ಗಂಟು ನೀರೊಳಗಿತ್ತು. ಕಾಲಿನ ಗದ್ದಲಕ್ಕೆ ಮರಳೆದ್ದು ನೀರು ಕಲಕಿತ್ತು, ಏನೂ ಕಾಣುತ್ತಿರಲಿಲ್ಲ. ಕೈ ಇಟ್ಟೆ. ಬೆರಳಿಗೆ ಸಿಕ್ಕಿತು. ಒಳಗೆ ಕಲ್ಲು ಇಟ್ಟು ಕಟ್ಟಿದ ಹಾಗೆ. ಮೋರಿ ಜಗ್ಗಿದಾಗಲೆಲ್ಲ ಗಂಟು ಇನ್ನೂ ಒಳಕ್ಕೆ ಸೇರುತ್ತಿತ್ತು. ಉಗುರು ಹಾಕಿದೆ, ಉಗುರು ಮುರಿಯಿತು.

"ಏನ್ಮಾಡ್ತಿದೀಯಾ?"

"ಸಡಿಲ ಆಗ್ಲಿ ಇರ್ರೀ."

"ಸಡಿಲ ಆಗ್ಲಿ ಅಂತ ಅದಕ್ಕೆ ಹೇಳ್ಲಾ?" ಎಂದರು. ಆ ಹೊತ್ತಿನಲ್ಲೂ!

ಅಷ್ಟರಲ್ಲಿ ದಾರ ಜೋತುಬಿತ್ತು. ಅದು ನಮ್ಮ ಕಡೆಗೇ ತಿರುಗಿತ್ತು. ನೀರಿನ ಮೇಲ್ಮಟ್ಟದಲ್ಲೇ ಬೆಕ್ಕಿನ ಕಣ್ಣಿನಂಥದ್ದೊಂದು ಕಣ್ಣು, ಬೂದು ಬಣ್ಣದ ಮೈ ನನ್ನ ಸೀರೆಯ ನೆರಿಗೆಯ ಪಕ್ಕದಲ್ಲೇ ಹಾದುಹೋಯಿತು. ಅವರು ಕೋಲಿನ ದಪ್ಪನೆಯ ಬುಡವನ್ನು ಅದರ ಮೂತಿಗೆ ಊರಿ ನೂಕಿದರು. ಹೊಡೆಯಲಿಲ್ಲ, ಹೊಸ್ತಿಲು ದಾಟಿ ಬಂದ ಕರುವನ್ನು ನೂಕುವ ಹಾಗೆ ಆಚೆ ನೂಕಿದರು. ಅದು ಹೊರಳಿದಾಗ ಮೈ ಅವರ ಮೀನಖಂಡಕ್ಕೆ ಉಜ್ಜಿತು. ಮುಂದಿನದನ್ನು ನಾನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡೆ. ಬಾಣಲೆಯ ಮುಂದೆ ಹಬೆಯಲ್ಲಿ ಕೂತ ಹಾಗೆ ಬೆರಳನ್ನು ಮಾತ್ರ ನಂಬಿ ಎಳೆಯ ತುದಿ ಹುಡುಕಿದೆ. ಸಿಕ್ಕಿತು. ಹಿಂದಕ್ಕೆ ನೂಕಿದೆ, ಕುಣಿಕೆ ದೊಡ್ಡದಾಯಿತು, ಎಳೆದೆ. ದಾರ ಮತ್ತೆ ಬಿಗಿಯುವಾಗ ಅದು ನನ್ನ ಬೆರಳ ಮೇಲಿಂದ ಸರ್ರನೆ ಜಾರಿ ಹೋಯಿತು. ಆ ಗುರುತು ಈಗಲೂ ಇದೆ, ತೋರುಬೆರಳಿನ ಮಡಿಕೆಯಲ್ಲಿ.

"ಬಿಚ್ಚಿತು" ಎಂದೆ.

"ಓಡಬೇಡ. ನೀರು ಬಡೀಬೇಡ. ನನ್ನ ಬೆನ್ನಿಗೆ ಬೆನ್ನು ಕೊಟ್ಟು ನಡಿ" ಎಂದರು. ಹಾಗೇ ನಡೆದೆವು. ಅವರು ಹಿಂದೆ ಹಿಂದೆ ಕಾಲೆಳೆಯುತ್ತಾ ಆಳದ ಕಡೆ ಕೋಲು ಚಾಚಿಕೊಂಡು, ನಾನು ದಡದ ಕಡೆ ಮುಖ ಮಾಡಿಕೊಂಡು. ಗಾಳಿಮರ ಹತ್ತಿರವಾಗುತ್ತಲೇ ಇರಲಿಲ್ಲ. ದಿಬ್ಬಗಳ ನಡುವಿನ ನೀರು ನನ್ನ ಎದೆಗೆ ಬಂದಿತ್ತು. ಹಿಂದೆ ಒಮ್ಮೆ ದೊಡ್ಡದಾಗಿ ನೀರು ಒಡೆದ ಸದ್ದಾಯಿತು. ನಾನು ತಿರುಗಿ ನೋಡದೆ ಕಾಲೆಳೆಯುತ್ತಲೇ ಇದ್ದೆ.

ಮರಳಿನ ಮೇಲೆ ಬಿದ್ದ ಮೇಲೆ ಅವರ ಕಾಲು ನೋಡಿದೆ. ಮೀನಖಂಡದ ಚರ್ಮ ಅರ ಹಾಕಿ ಉಜ್ಜಿದ ಹಾಗೆ ಕಿತ್ತು ರಕ್ತ ಜಿನುಗುತ್ತಿತ್ತು. ಹಲ್ಲು ತಾಗಿರಲಿಲ್ಲ, ಬರೀ ಮೈ ತಾಗಿತ್ತು. ಸೆರಗು ಹರಿದು ಕಟ್ಟಿದೆ. ಕಟ್ಟುವಾಗ ಗಂಟು ಹಾಕಲು ಬೆರಳು ಬರಲೇ ಇಲ್ಲ. ಅವರು ಆಕಾಶ ನೋಡುತ್ತಾ ಮಲಗಿದ್ದರು. ಹಾಗೇ ಹೇಳಿದರು.

"ಅಮ್ಮನ ಮಾತು ಮೀರಲಿಲ್ಲ ಬಿಡು. ಬಿಚ್ಚಿದ್ದು ನೀನೇ."

ನನಗೆ ಸಿಟ್ಟು ಬಂತು. ಎಂದೂ ಬಾರದಷ್ಟು ಬಂತು. ಗಂಡನಿಗೆ ಆಡಬಾರದ ಮಾತುಗಳನ್ನೆಲ್ಲ ಆಡಿದೆ. ಅವರು ಕೇಳಿಸಿಕೊಂಡರು. ಆಮೇಲೆ ಕೈ ಚಾಚಿ ನನ್ನ ಮುರಿದ ಉಗುರನ್ನು ನೋಡಿದರು.

ಅವರು ಮೀನು ಬಿಡಲಿಲ್ಲ. ಬಿಡುತ್ತಾರೆಂದು ನಾನೂ ಕಾದಿರಲಿಲ್ಲ. ಆದರೆ ಅಂದಿನಿಂದ ಹಿಡಿದ ಮೀನು ದಡಕ್ಕೆ ಬರತೊಡಗಿತು, ಒಂದೊಂದಾಗಿ, ಒದ್ದೆ ಗೋಣಿಯ ಕೆಳಗೆ. ಭರತಿಯ ಮೊದಲ ನೀರು ಕಂಡ ಕೂಡಲೇ ನಾನು ಒಂದು ಹಳೆಯ ಕೆಂಪು ವಲ್ಲಿ ಬೀಸುತ್ತಿದ್ದೆ, ಅವರು ಬರುತ್ತಿದ್ದರು. ಪದ್ಧತಿಯನ್ನೂ ಬಿಡಲಿಲ್ಲ. ಸೊಂಟಕ್ಕೆ ಖಾಲಿ ದಾರದ ಒಂದು ಗೇಣು ತುಂಡು ಕಟ್ಟಿಕೊಂಡು ಹೋಗುತ್ತಿದ್ದರು. ಮನೆಗೆ ಬಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಏನೂ ತೂಗದ ಆ ದಾರವನ್ನು ನಾನು ಬಿಚ್ಚುತ್ತಿದ್ದೆ. ಮನೆಯ ಒಡತಿ ಇದನ್ನು ಬೇಲಿಯಿಂದ ನೋಡಿ, "ಎಂತದೇ ಇದು ಮಾರಾಯ್ತಿ, ಎಮ್ಮೆ ಕಟ್ಟಿ ಬಿಚ್ಚಿದ ನಮ್ನಿ!" ಎಂದು ಬಿದ್ದು ಬಿದ್ದು ನಕ್ಕರು.

ರಜೆಗೆ ಮೇಲೂರಿಗೆ ಬಂದಾಗ ಇವರು ಅತ್ತೆಗೆ ಎಲ್ಲ ಕಥೆ ಹೇಳಿದರು, ಪಂಚೆ ಎತ್ತಿ ಕಾಲಿನ ಕಲೆ ತೋರಿಸಿದರು. ಅತ್ತೆ ಗೋಡೆಗೆ ಒರಗಿ ಕೂತು ಕೇಳಿದರು. ಮೈ ತುಂಬಾ ಇಳಿದುಹೋಗಿದ್ದರು. "ಹೋಗ್ಲಿ, ದಾರದಲ್ಲಿ ಎಷ್ಟಿತ್ತು ಮೀನು?" ಎಂದರು. ಎಲ್ಲರೂ ನಕ್ಕರು. ನಾನು ನೀರು ತರಲು ಒಳಗೆ ಹೋದಾಗ ಅತ್ತೆ ಹಿಂದೆಯೇ ಗೋಡೆ ಹಿಡಿದುಕೊಂಡು ಬಂದರು. ನನ್ನ ಕೈಗಳನ್ನು ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡರು.

ಅರವತ್ತರ ದಶಕದ ನಡುವಿನಲ್ಲಿ ಚಿಂತಾಮಣಿಗೆ ವರ್ಗವಾಗಿ ಬಂದೆವು. ಅಲ್ಲಿಗೆ ಸಮುದ್ರ ಮುಗಿಯಿತು. ಅಲ್ಲಿಯ ಕೆರೆಗಳು ಎಷ್ಟೋ ವರ್ಷ ತುಂಬುತ್ತಿರಲಿಲ್ಲ. ತುಂಬಿದ ವರ್ಷ ಅವರು ಗರಿ ಬೀಸಲು ಹೋಗುವರು. ಮೊಣಕಾಲು ಮಟ್ಟದ ಕೆಸರು ನೀರು, ಹಾವೂ ಇಲ್ಲ. ಆದರೂ ನಾನು ಏರಿಯ ಮೇಲೆ ಕೂರುತ್ತಿದ್ದೆ. ಮಗಳು ಹುಟ್ಟಿದ ಮೇಲೆ ಅವಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ. ಯಾವ ನೆರಳಿಗಾಗಿ ನೋಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಹೆದರಿಕೆ ಒಮ್ಮೆ ಕಣ್ಣಿಗೆ ಅಂಟಿಕೊಂಡರೆ ನೀರು ಬದಲಾದರೂ ಹೋಗುವುದಿಲ್ಲ.

ಅವರು ಹೋದದ್ದು ನೀರಿನಲ್ಲಲ್ಲ. ಹೋದ ಚಳಿಗಾಲದಲ್ಲಿ, ಮನೆಯಲ್ಲಿ, ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಟ್ಟು. ನಾನು ಅಡುಗೆಮನೆಯಲ್ಲಿದ್ದೆ. ಅಷ್ಟು ವರ್ಷ ಕಣ್ಣು ತೆಗೆಯದೆ ಕೂತವಳು, ಆ ಗಳಿಗೆಯಲ್ಲಿ ಒಲೆಯ ಕಡೆ ತಿರುಗಿದ್ದೆ.

ಸ್ನಾನ ಮಾಡಿಸಿದ ಮೇಲೆ ಉಡಿದಾರ ತೆಗೆಯಬೇಕು ಎಂದರು. ಅವರ ಅಣ್ಣನ ಮಗ ಬ್ಲೇಡು ಹಿಡಿದು ಬಂದ. ಅದು ರೇಷ್ಮೆಯದೇ, ಹಳೆಯದು ಸವೆದಾಗಲೆಲ್ಲ ನಾನೇ ಹೊಸದು ಹುರಿ ಮಾಡಿಕೊಟ್ಟದ್ದು. ನಾನು ಎದ್ದು ಹೋಗಿ ಅವನ ಕೈ ಹಿಡಿದೆ.

"ಕೊಯ್ಯಬೇಡಪ್ಪ."

"ಕೊಯ್ಲೇಬೇಕಲ್ಲ ಚಿಕ್ಕಮ್ಮ, ಹಾಗೇ ಬಿಡೋ ಹಾಗಿಲ್ಲ."

"ನಾನು ಬಿಚ್ತೀನಿ."

ಅವರನ್ನು ಸ್ವಲ್ಪ ಮಗ್ಗುಲಿಗೆ ಹೊರಳಿಸಲು ಹೇಳಿದೆ. ಇಬ್ಬರು ಹಿಡಿದುಕೊಂಡರು. ಗಂಟು ಬೆನ್ನ ಕಡೆ, ಬಲಕ್ಕೆ ಇತ್ತು. ನೀರು ಹೀರಿ ಗಟ್ಟಿಯಾಗಿತ್ತು. ನನ್ನ ಬೆರಳು ಈಗ ಮೊದಲಿನ ಹಾಗೆ ಮಾತು ಕೇಳುವುದಿಲ್ಲ, ಕಣ್ಣಿಗೂ ಪೊರೆ. ಕೈ ಇಟ್ಟು ತುದಿ ಹುಡುಕತೊಡಗಿದೆ. ಹೊರಗೆ ಯಾರೋ, ಹೊತ್ತಾಯಿತು, ಬೇಗ ಆಗಲಿ ಎಂದರು. ಅಣ್ಣನ ಮಗ ಬಗ್ಗಿ, "ಚಿಕ್ಕಮ್ಮ, ಆಗ್ತಿಲ್ಲ ಅಂದ್ರೆ ನಾನು..." ಎಂದ.

"ಸಡಿಲ ಆಗ್ಲಿ ಇರಪ್ಪ" ಎಂದೆ.

ಅವನು ಬ್ಲೇಡನ್ನು ಜೇಬಿಗೆ ಹಾಕಿಕೊಂಡು ನಿಂತ. ಜಗ್ಗುವವರು ಯಾರೂ ಇರಲಿಲ್ಲ. ನಿಧಾನವಾಗಿ ಬಿಚ್ಚಿದೆ.